ಅವಳ ತೂಕ ಎಷ್ಟೆಂದು ನಾನು ಹೇಳುವುದಿಲ್ಲ

ಆ ಮಗುವಿನ ಕತ್ತಿನ ಮೇಲೆ ಇದ್ದದ್ದು ಕೊಳೆಯಲ್ಲ. ತಾಯಿ ಮಾತ್ರ ಆರು ತಿಂಗಳಿಂದ ಅದನ್ನು ಕೊಳೆಯೆಂದೇ ತಿಕ್ಕುತ್ತಿದ್ದರು. ಮೊದಲು ಕಡಲೆಹಿಟ್ಟು, ಆಮೇಲೆ ನಿಂಬೆಹೋಳು, ಕೊನೆಗೆ ಪಾತ್ರೆ ತಿಕ್ಕುವ ನಾರು. ಹರಿಹರದ ನಮ್ಮ ಶಾಖೆಯ ಸಣ್ಣ ಕೋಣೆಯಲ್ಲಿ ಹುಡುಗಿ ಕೊರಳಿಗೆ ಸುತ್ತಿದ್ದ ಓಢಣಿ ಬಿಚ್ಚಿದಾಗ ಕತ್ತಿನ ಹಿಂದಿನ ಕಪ್ಪು ಪಟ್ಟಿಯ ಅಂಚಿನಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಎಷ್ಟು ತಿಕ್ಕಿದ್ರೂ ಹೋಗ್ತಾನೇ ಇಲ್ರಿ ಮೇಡಂ. ಮಗೀಗೆ ಸ್ನಾನ ಮಾಡ್ಸಲ್ವಾ ಅಂತ ಕಂಡೋರೆಲ್ಲ ಕೇಳ್ತಾರೆ," ಎಂದರು ತಾಯಿ.

"ಇದು ಹೊರಗಿಂದಲ್ಲಮ್ಮ. ಮೈಯೊಳಗೆ ಇನ್ಸುಲಿನ್ ಜಾಸ್ತಿ ಆದ್ರೆ ಚರ್ಮ ಹಿಂಗೆ ಕಪ್ಪಾಗಿ ದಪ್ಪ ಆಗ್ತೈತೆ. ಇವತ್ತಿಂದ ತಿಕ್ಕಬ್ಯಾಡ್ರಿ," ಎಂದೆ.

ಹುಡುಗಿ ಆಗ ಮೊದಲ ಸಲ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಮತ್ತೆ ತಲೆ ತಗ್ಗಿಸಿದಳು.

ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಆಹಾರ ಸಲಹೆಗಾರ್ತಿ. ಬುಧವಾರ ಮತ್ತು ಶನಿವಾರ ದೇವರಾಜ ಅರಸು ಬಡಾವಣೆಯ ಮನೆಯಿಂದ ಹೊರಟು ಬಸ್ಸಿನಲ್ಲಿ ಹರಿಹರಕ್ಕೆ ಬರುತ್ತೇನೆ. ಆ ಜುಲೈ ತಿಂಗಳ ಶನಿವಾರ ಈ ಹುಡುಗಿಯನ್ನು ನಮ್ಮ ಮಕ್ಕಳ ವೈದ್ಯರೇ ನನ್ನ ಬಳಿ ಕಳಿಸಿದ್ದರು. ವಯಸ್ಸು ಹತ್ತು, ಐದನೇ ತರಗತಿ. ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿತ್ತು. ಔಷಧಿ ಬೇಡ, ಊಟ-ತಿಂಡಿ ಸರಿಮಾಡಿ ನೋಡೋಣ ಎಂದು ಅವರು ಚೀಟಿಯಲ್ಲಿ ಬರೆದಿದ್ದರು.

ಮನೆಯವರು ವೈದ್ಯರ ಬಳಿ ಬಂದದ್ದು ಸಕ್ಕರೆಗಾಗಿ ಅಲ್ಲ, ಶಾಲೆಯಲ್ಲಿ ನಡೆದ ಒಂದು ಘಟನೆಯಿಂದ. ಆರೋಗ್ಯ ತಪಾಸಣೆಯ ದಿನ ತರಗತಿಯ ಮುಂದೆಯೇ ತಕ್ಕಡಿ ಇಟ್ಟು, ಒಬ್ಬೊಬ್ಬರನ್ನೇ ಹತ್ತಿಸಿ, ಟೀಚರ್ ಗಟ್ಟಿಯಾಗಿ ತೂಕ ಓದಿದ್ದರು. ಹುಡುಗಿಯ ಅಜ್ಜನಿಗೆ ಹರಿಹರದ ಪೇಟೆಯಲ್ಲಿ ಸಗಟು ಕಿರಾಣಿ ವ್ಯಾಪಾರ, ಮನೆಯ ಹಿಂದೆಯೇ ಗೋದಾಮು. ಅವಳ ತೂಕ ಓದಿದ ಮರುಕ್ಷಣವೇ ಹಿಂದಿನ ಬೆಂಚಿನಿಂದ ಯಾರೋ "ಗೋಡೌನ್" ಎಂದರು. ಅಂದಿನಿಂದ ಅವಳಿಗೆ ಅದೇ ಹೆಸರು. ಮೂರು ದಿನ ಶಾಲೆಗೆ ಹೋಗದೆ ಅತ್ತಿದ್ದಳು.

ನಾನು ಎಂದಿನಂತೆ ನಿನ್ನೆಯ ಊಟದಿಂದ ಶುರುಮಾಡಿದೆ. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲ ಹೇಳಬೇಕು. ನನ್ನ ಮೇಜಿನ ಮೇಲೆ ಲೋಟ, ಬಟ್ಟಲು, ಸೌಟುಗಳ ಒಂದು ಸೆಟ್ ಇರುತ್ತದೆ. ಎಷ್ಟು ಎಂದು ಬಾಯಲ್ಲಿ ಹೇಳುವುದಕ್ಕಿಂತ ಮುಟ್ಟಿ ತೋರಿಸುವುದು ಸುಲಭ. ಬೆಳಿಗ್ಗೆ ಸಿಹಿ ಪುಡಿ ಕಲಸಿದ ಹಾಲು, ದೊಡ್ಡ ಲೋಟ. ಅಜ್ಜಿ ಕೈಯಿಂದ ನಾಲ್ಕು ಇಡ್ಲಿ. ಶಾಲೆಯಿಂದ ಬಂದಮೇಲೆ ಅಂಗಡಿಯ ಗಲ್ಲಾದ ಪಕ್ಕ ಕೂತು ಬಿಸ್ಕತ್ತಿನ ಪೊಟ್ಟಣ, ತಂಪು ಪಾನೀಯ. ಸಂಜೆ ಮಂಡಕ್ಕಿ, ಮಿರ್ಚಿ. ರಾತ್ರಿ ಟಿವಿ ಮುಂದೆ ಮತ್ತೆ ಅಜ್ಜಿಯ ಕೈತುತ್ತು. ಇಷ್ಟನ್ನೂ ಹೇಳಿದ್ದು ತಾಯಿ. ಹುಡುಗಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತ ಕೂತಿದ್ದಳು.

ನಾನು ಚಾರ್ಟ್ ಬರೆದೆ. ವಾರದ ಏಳು ದಿನ, ದಿನಕ್ಕೆ ಐದು ಹೊತ್ತು, ಪ್ರತಿ ಚೌಕದಲ್ಲೂ ಅಳತೆ. ಒಂದೂವರೆ ರೊಟ್ಟಿ, ಅರ್ಧ ಬಟ್ಟಲು ಅನ್ನ, ಸಕ್ಕರೆ ಇಲ್ಲದ ಹಾಲು. ಕೆಳಗೆ ಕೆಂಪು ಅಕ್ಷರದಲ್ಲಿ ತಿನ್ನಬಾರದವುಗಳ ಪಟ್ಟಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪ್ರತಿ ಶನಿವಾರ ಬಂದು ತೂಕ ನೋಡಿಸಿ ಎಂದೆ. ದೊಡ್ಡವರಿಗೆ ನಾನು ಕೊಡುತ್ತಿದ್ದ ಚಾರ್ಟನ್ನೇ ಅಳತೆ ಕಡಿಮೆ ಮಾಡಿ ಮಗುವಿಗೆ ಕೊಟ್ಟಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಮೊದಲ ಶನಿವಾರ ತಕ್ಕಡಿಯ ಮುಳ್ಳು ಸ್ವಲ್ಪ ಇಳಿದಿತ್ತು. ಎರಡನೆಯ ಶನಿವಾರ ಇನ್ನಷ್ಟು. ನಾನು "ಶಭಾಷ್" ಎಂದು ಅವಳ ಬೆನ್ನು ತಟ್ಟಿದೆ. ಐದನೆಯ ವಾರಕ್ಕೆ ಸುದ್ದಿ ದಾವಣಗೆರೆಯ ಮುಖ್ಯ ಆಸ್ಪತ್ರೆಗೂ ಮುಟ್ಟಿತು. ಮಕ್ಕಳ ತೂಕ ಇಳಿಸುವ ಶಿಬಿರವೊಂದನ್ನು ಮಾಡುವ ಯೋಚನೆ ಅಲ್ಲಿ ನಡೆದಿತ್ತು. ಆಡಳಿತಾಧಿಕಾರಿ ನನ್ನನ್ನು ಕರೆದು, "ಮೊದಲು, ನಂತರ ಅಂತ ಆ ಹುಡುಗಿಯ ಎರಡು ಫೋಟೋ ಬೇಕು. ಫ್ಲೆಕ್ಸ್ ಹಾಕ್ಸೋಣ. ಮನೆಯವರನ್ನ ಒಪ್ಪಿಸಿ," ಎಂದರು. ನಾನು ಹೂಂ ಎಂದೆ. ಹೆಮ್ಮೆಯಿಂದಲೇ ಎಂದೆ.

ಸೆಪ್ಟೆಂಬರಿನ ಒಂದು ಸೋಮವಾರ ಅವಳು ಶಾಲೆಯ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಳು.

ತಂದೆ ಕಾರಿನಲ್ಲಿ ದಾವಣಗೆರೆಗೆ ಕರೆತಂದರು. ನಾನು ವಾರ್ಡಿಗೆ ಓಡುವಷ್ಟರಲ್ಲಿ ಡ್ರಿಪ್ ಹಾಕಿಯಾಗಿತ್ತು. ಮಕ್ಕಳ ವೈದ್ಯರು ವಯಸ್ಸಾದವರು, ದನಿ ಏರಿಸುವವರಲ್ಲ. ಮೂತ್ರ ಪರೀಕ್ಷೆಯ ವರದಿಯನ್ನು ನನ್ನ ಕೈಗಿತ್ತರು. "ಕೀಟೋನ್ ಬಂದಿದೆ ನೋಡಿ. ಇದು ಉಪವಾಸ ಬಿದ್ದವರಿಗೆ ಬರೋದು. ನೀವು ಎಷ್ಟು ಊಟ ಬರೆದಿದ್ರಿ?"

ಹೇಳಿದೆ. ನಾನು ಬರೆದದ್ದು ಕಡಿಮೆಯೇ, ಆದರೆ ಉಪವಾಸವಲ್ಲ.

"ಹತ್ತು ವರ್ಷದ ಮಗು. ಎತ್ತರ ಬೆಳೆಯೋ ವಯಸ್ಸು. ತೂಕ ಇದ್ದಲ್ಲೇ ನಿಂತಿದ್ರೂ ಸಾಕಿತ್ತು, ಎತ್ತರ ಬಂದು ಸರಿಹೋಗ್ತಿತ್ತು. ವಾರ ವಾರ ಇಳಿಸೋಕೆ ಯಾರು ಹೇಳಿದ್ರು?" ಎಂದು ಕೇಳಿ ಮುಂದಿನ ಹಾಸಿಗೆಗೆ ಹೋದರು.

ತಾಯಿಯನ್ನು ಚಹಾ ಕುಡಿದು ಬರಲು ಕಳಿಸಿ ನಾನು ಹುಡುಗಿಯ ಪಕ್ಕ ಕೂತೆ.

"ಶಾಲೆಗೆ ಒಯ್ತಿದ್ದ ಡಬ್ಬಿ ಏನ್ ಮಾಡ್ತಿದ್ದಿ?"

ಹೊದಿಕೆಯ ಅಂಚನ್ನು ಮಡಿಸಿ ಬಿಚ್ಚಿದಳು. "ಗಿಡದ ಬುಡಕ್ಕೆ ಹಾಕ್ತಿದ್ದೆ."

"ದಿನಾಲೂನಾ?"

"ಹೂಂ. ಶುಕ್ರವಾರ ರಾತ್ರಿನೂ ಉಣ್ತಿರ್ಲಿಲ್ಲ. ಶನಿವಾರ ನೀರೂ ಕುಡೀತಿರ್ಲಿಲ್ಲ. ಭಾಳ ಹಸಿವಾದ್ರೆ ಗೋಡೌನಿನಾಗೆ ಚೀಲದ ಹಿಂದೆ ಕೂತು ಬಿಸ್ಕತ್ ತಿಂತಿದ್ದೆ."

"ಯಾಕವ್ವ ಹಿಂಗೆ ಮಾಡಿದಿ?"

"ಕಮ್ಮಿ ಬಂದ್ರೆ ನೀವು ನಗ್ತಿದ್ರಿ. ಅವತ್ತೊಂದಿನ ಇನ್ನೂರು ಗ್ರಾಂ ಜಾಸ್ತಿ ಬಂತಲ್ಲ, ಅವತ್ತು ನೀವು ನಗ್ಲಿಲ್ಲ. ಪೆನ್ ನೋಡ್ಕೋತ ಕೂತ್ರಿ."

ನನಗೆ ಆ ಶನಿವಾರದ ನೆನಪೇ ಇರಲಿಲ್ಲ. ಅವಳಿಗಿತ್ತು. ಶಾಲೆಯಲ್ಲಿ ತಕ್ಕಡಿಯ ಮುಳ್ಳನ್ನು ಗಟ್ಟಿಯಾಗಿ ಓದಿದ ಟೀಚರ್ ಬಗ್ಗೆ ನಾನು ಮನಸ್ಸಿನಲ್ಲೇ ಎಷ್ಟೋ ಬೈದುಕೊಂಡಿದ್ದೆ. ಆಕೆ ಮಾಡಿದ್ದು ಒಂದು ದಿನ. ನಾನು ಹತ್ತು ಶನಿವಾರ ಮಾಡಿದ್ದೆ, ನಗುನಗುತ್ತ ಮಾಡಿದ್ದೆ.

ಅಂದು ಸಂಜೆ ವೈದ್ಯರ ಕೋಣೆಗೆ ಹೋಗಿ, "ಇನ್ನು ಮುಂದೆ ನಾನು ಈ ಮಗುವಿನ ತೂಕ ನೋಡಲ್ಲ ಸರ್," ಎಂದೆ.

"ನನಗೆ ಬೇಕಲ್ಲ?"

"ನೀವು ನೋಡಿ. ಮೂರು ತಿಂಗಳಿಗೊಮ್ಮೆ. ಅವಳು ಮುಳ್ಳಿಗೆ ಬೆನ್ನು ಮಾಡಿ ನಿಲ್ಲಲಿ. ಸಂಖ್ಯೆ ನಿಮ್ಮ ಫೈಲಿನಲ್ಲಿರಲಿ. ಅವಳಿಗೆ ಬೇಡ, ಅವಳ ಮನೆಗೆ ಬೇಡ, ನನಗೂ ಬೇಡ."

ವೈದ್ಯರು ಕನ್ನಡಕ ತೆಗೆದು ಒರೆಸಿದರು. "ಎತ್ತರ?"

"ಎತ್ತರ ನಾನೇ ಅಳೀತೀನಿ. ಅದನ್ನ ಅವಳಿಗೂ ತೋರಿಸ್ತೀನಿ."

"ಆಯ್ತು. ಆದ್ರೆ ಸಕ್ಕರೆ ಮೇಲೆ ಹೋದ್ರೆ ನಿಮ್ಮ ಮಾತು ಕೇಳಲ್ಲ," ಎಂದರು. ನ್ಯಾಯವಾದ ಷರತ್ತು.

ಮುಂದಿನ ಭಾನುವಾರ ನಾನೇ ಅವರ ಮನೆಗೆ ಹೋದೆ. ನಮ್ಮ ಕೆಲಸದಲ್ಲಿ ಮನೆಗೆ ಹೋಗುವ ರೂಢಿಯಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ನನ್ನ ಚಾರ್ಟ್ ಹಾಗೇ ಇತ್ತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಕಿತ್ತು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ನಡುಮನೆಯಲ್ಲಿ ಊಟಕ್ಕೆ ಕೂತಿದ್ದರು. ಹಣೆಗೆ ವಿಭೂತಿ ಧರಿಸಿದ ಅಜ್ಜ, ತಂದೆ, ಪಕ್ಕದಲ್ಲಿ ಹುಡುಗಿ. ಅವಳ ತಟ್ಟೆಯಲ್ಲಿ ಒಂದೂವರೆ ರೊಟ್ಟಿ, ಸೊಪ್ಪಿನ ಪಲ್ಯ. ಉಳಿದವರ ತಟ್ಟೆಯಲ್ಲಿ ಹೋಳಿಗೆ, ಮೇಲೆ ತುಪ್ಪ.

"ಬರ್ರಿ ಮೇಡಂ, ಕೂಡ್ರಿ, ಊಟ ಮಾಡ್ರಿ," ಎಂದರು ಅಜ್ಜ.

"ಮಾಡ್ತೀನ್ರಿ. ಮೊದ್ಲು ಒಂದು ಮಾತು. ಹೋಳಿಗೆ ಎಲ್ಲಾರಿಗೂ ಹಾಕ್ಸಿ, ಇಲ್ಲಾಂದ್ರೆ ಯಾರಿಗೂ ಬ್ಯಾಡ."

"ಅದಕ್ಕೆ ಪಥ್ಯ ಐತಲ್ರಿ. ನೀವೇ ಬರೆದು ಕೊಟ್ಟಿದ್ದು."

"ನಾನು ಬರೆದದ್ದು ತಪ್ಪಾಗಿತ್ತು. ಮಗು ಮುಂದೆ ರೊಟ್ಟಿ ಇಟ್ಟು ನೀವು ಹೋಳಿಗೆ ಉಂಡ್ರೆ ಅದು ಪಥ್ಯ ಅಲ್ರಿ, ಶಿಕ್ಷೆ."

ಅಜ್ಜ ಕೈ ತಟ್ಟೆಯಲ್ಲೇ ನಿಲ್ಲಿಸಿದರು. "ನಮ್ಮ ಮನಿಯಾಗೆ ಊಟ ಹೆಂಗಿರ್ಬೇಕು ಅಂತ ಹೊರಗಿನೋರು ಹೇಳ್ತಾರೇನು?"

ಹುಡುಗಿಯ ತಾಯಿ ಬಾಗಿಲ ಬಳಿ ಸೌಟು ಹಿಡಿದು ನಿಂತಿದ್ದರು. ನಾನು ಅಲ್ಲಿಂದಲೇ ಹೊರಟುಬಿಡಬಹುದಿತ್ತು. ಹೋಗಲಿಲ್ಲ.

"ಹೇಳ್ತೀನ್ರಿ. ನೀವೂ ಸಕ್ಕರೆಗೆ ಮಾತ್ರೆ ನುಂಗ್ತೀರಿ ಅಂತ ಗೊತ್ತೈತೆ. ಈ ಮನಿಯಾಗೆ ಪಥ್ಯ ಬೇಕಾದೋರು ಒಬ್ರಲ್ಲ. ಮಾತ್ರೆ ತಗೊಂಡು ನೀವು ಹೋಳಿಗೆ ಉಣ್ಬಹುದು, ಹತ್ತು ವರ್ಷದ ಹುಡುಗಿ ಉಣ್ಬಾರ್ದಾ? ಒಂದೇ ಗಡಿಗೆ ಅಡುಗೆ ಎಲ್ಲಾರೂ ಉಣ್ರಿ. ಇಲ್ಲಾಂದ್ರೆ ನಾನು ಈ ಮಗೀನ ಫೈಲ್ ಮುಚ್ತೀನಿ. ಬ್ಯಾರೆ ಯಾರ ಹತ್ರನಾದ್ರೂ ಕರ್ಕೊಂಡು ಹೋಗ್ರಿ."

ಅಡುಗೆಮನೆಯಿಂದ ಅಜ್ಜಿ ಬಂದರು. ಸಣ್ಣ ದೇಹ, ಮಂಡಿ ನೋವಿನ ನಡಿಗೆ. ಅವರಿಗೆ ನನ್ನ ಮೇಲೆ ಅಜ್ಜನಿಗಿಂತ ಹೆಚ್ಚು ಕೋಪವಿತ್ತು.

"ಹುಟ್ಟಿದಾಗ ಇದು ಅಂಗೈಯಷ್ಟು ಇತ್ತು. ಉಳಿಯಲ್ಲ ಅಂದಿದ್ರು. ಹತ್ತೀಲಿ ಹಾಲು ಹಿಂಡಿ ಹಿಂಡಿ ಬದುಕಿಸ್ಕಂಡೀನಿ. ಉಕ್ಕಡಗಾತ್ರಿ ಅಜ್ಜಯ್ಯಗೆ ಹರಕೆ ಹೊತ್ತು ಉಳಿಸ್ಕಂಡೀನಿ. ಇವತ್ತು ನೀವು ಬಂದು ಉಣ್ಣಿಸ್ಬ್ಯಾಡ ಅಂತೀರಿ."

ಇಷ್ಟು ದಿನ ನಾನು ಆ ಕೈತುತ್ತನ್ನು 'ಅತಿಯಾಗಿ ಉಣಿಸುವುದು' ಎಂದು ಫೈಲಿನಲ್ಲಿ ಬರೆದಿದ್ದೆ. ಅದರ ಹಿಂದೆ ಇಷ್ಟಿದೆ ಎಂದು ಕೇಳಿರಲೇ ಇಲ್ಲ.

"ಉಣ್ಣಿಸ್ಬ್ಯಾಡ ಅನ್ನಲ್ಲ ಅಜ್ಜಿ," ಎಂದೆ. "ನೀವೇ ಅಡುಗೆ ಮಾಡ್ರಿ. ಮುದ್ದಾಂ ನೀವೇ. ಆದ್ರೆ ಅವಳ ಕೈಲೇ ಉಣ್ಲಿ. ಹೊಟ್ಟೆ ತುಂಬಿದ್ದು ಅವಳಿಗೆ ತಿಳೀಬೇಕು. ನಿಮ್ಮ ತುತ್ತು ಹೋಗ್ತಾನೇ ಇದ್ರೆ ಅದು ಅವಳಿಗೆ ಯಾವಾಗ ತಿಳೀತೈತೆ? ಸಾಕು ಅಂದ್ರೆ ಬಿಡ್ರಿ. ಇನ್ನೊಂದು ಬೇಕು ಅಂದ್ರೆ ಹಾಕ್ರಿ. ಎರಡಕ್ಕೂ ಯಾರೂ ಮಾತಾಡ್ಬ್ಯಾಡ್ರಿ."

ಅಜ್ಜಿ ಒಳಗೆ ಹೋಗಿ ಒಂದು ಹೋಳಿಗೆ ತಂದು ಮೊಮ್ಮಗಳ ತಟ್ಟೆಗೆ ಹಾಕಿದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಪಕ್ಕ ಕೂತು ನನ್ನ ತಟ್ಟೆಗೂ ಒಂದು ಹಾಕಿಸಿಕೊಂಡೆ.

ಮುಂದಿನ ಮೂರು ತಿಂಗಳು ಸುಲಭವಾಗಿರಲಿಲ್ಲ. ಅಜ್ಜಿ ಒಮ್ಮೆ ಒಪ್ಪಿದಮೇಲೆ ಅಡುಗೆಮನೆಯನ್ನು ಹಿಡಿತಕ್ಕೆ ತಂದರು. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಕೋಸಂಬರಿ, ಮೊಸರು. ಇದೆಲ್ಲ ಅವರೇ ಚಿಕ್ಕಂದಿನಲ್ಲಿ ಉಂಡು ಬೆಳೆದ ಊಟ. ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ. ಹಾಲಿನ ಸಿಹಿ ಪುಡಿ ನಿಂತಿತು. ಬಾಯಾರಿದರೆ ನೀರು ಅಥವಾ ಮಜ್ಜಿಗೆ. ಊಟದ ಹೊತ್ತಿಗೆ ಟಿವಿ ಬಂದ್. ಬಿಸ್ಕತ್ತಿಗೆ ನಾನು ಬೀಗ ಹಾಕಿಸಲಿಲ್ಲ. ಬೇಕಾದರೆ ಎರಡು ತಟ್ಟೆಗೆ ಹಾಕಿಕೊಂಡು ನಡುಮನೆಯಲ್ಲಿ, ಎಲ್ಲರೆದುರು ಕೂತು ತಿನ್ನಬೇಕು ಎಂದಷ್ಟೇ ಹೇಳಿದ್ದೆ. ಕದ್ದು ತಿನ್ನುವ ಅಗತ್ಯ ತಪ್ಪಬೇಕಿತ್ತು.

ತಂದೆ ಮಾತು ಕಡಿಮೆಯ ಮನುಷ್ಯ. ಆತ ಒಂದು ಹಳೆಯ ಸೈಕಲ್ಲಿನ ಟ್ಯೂಬ್ ಬದಲಿಸಿ ಮಗಳಿಗೆ ಕಲಿಸಿದರು. ಅವಳಿಗೆ ಓಡುವುದು ಇಷ್ಟವಿಲ್ಲ, ಯಾರಾದರೂ ನೋಡುತ್ತಾರೆ ಎಂಬ ಅಂಜಿಕೆ. ಸೈಕಲ್ ಹತ್ತಿದರೆ ನೋಡುವಷ್ಟರಲ್ಲಿ ದಾಟಿರುತ್ತೇನೆ ಎಂದು ಅವಳೇ ಹೇಳಿದಳು. ಭಾನುವಾರ ಇಬ್ಬರೂ ಸಾರಥಿ ಊರಿನ ಹತ್ತಿರವಿದ್ದ ತಮ್ಮ ಹೊಲದವರೆಗೆ ಹೋಗಿಬರತೊಡಗಿದರು.

ದೀಪಾವಳಿಗೆ ಎಲ್ಲ ಕೆಟ್ಟಿತು. ಮನೆಗೆ ನೆಂಟರು ಬಂದರು. ತಂದೆಯ ಸೋದರತ್ತೆ ಪಂಕ್ತಿಯಲ್ಲೇ "ಇನ್ನೂ ಹಂಗೇ ಅದಾಳಲ್ಲ" ಎಂದರಂತೆ. ಮರುದಿನದಿಂದ ಹುಡುಗಿ ಮತ್ತೆ ಡಬ್ಬಿ ಚೆಲ್ಲತೊಡಗಿದಳು. ಮತ್ತೆ ಗೋದಾಮಿನ ಚೀಲಗಳ ಹಿಂದೆ ಖಾಲಿ ಪೊಟ್ಟಣಗಳು ಸಿಕ್ಕವು. ತಾಯಿ ಫೋನ್ ಮಾಡಿ, "ಚಾರ್ಟೇ ಚಲೋ ಇತ್ತೇನೋ ಮೇಡಂ. ವಾಪಸ್ ಕೊಡ್ರಿ," ಎಂದು ಅತ್ತರು. ಕೊಡಲಿಲ್ಲ. ಆ ಅತ್ತೆಗೆ ಮಾತು ಹೇಳಬೇಕಾದವರು ಯಾರು ಎಂದು ಕೇಳಿದೆ. ಆ ಕೆಲಸವನ್ನು ಅಜ್ಜ ಮಾಡಿದರು ಎಂದು ಆಮೇಲೆ ತಿಳಿಯಿತು. ಫೋನಿನಲ್ಲಿ ತಂಗಿಗೆ, "ನನ್ನ ಮೊಮ್ಮಗಳ ಮೈ ಬಗ್ಗೆ ಮಾತಾಡೋದಿದ್ರೆ ನಮ್ಮ ಮನಿಗೆ ಬರಬ್ಯಾಡ," ಎಂದಿದ್ದರಂತೆ.

ಇತ್ತ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿ ಮತ್ತೆ ಕರೆದರು. ಮೇಜಿನ ಮೇಲೆ ನನ್ನ ಫೈಲ್ ತೆರೆದಿತ್ತು.

"ತೂಕದ ಕಾಲಂ ಖಾಲಿ ಐತಲ್ಲ ಮೇಡಂ?"

"ಡಾಕ್ಟರ ಫೈಲಿನಲ್ಲಿ ಐತೆ ಸರ್."

"ಫೋಟೋ?"

"ಕೊಡಲ್ಲ."

"ಕೊಡಲ್ಲ ಅಂದ್ರೆ? ಶಿಬಿರಕ್ಕೆ ಅದೇ ಬೇಕಾಗಿರೋದು. ನೀವೇ ಒಪ್ಪಿದ್ರಿ."

"ಒಪ್ಪಿದ್ದು ತಪ್ಪು. ಆ ಫ್ಲೆಕ್ಸ್ ಅವಳ ಶಾಲೆ ದಾರೀಲೇ ನಿಲ್ತೈತೆ. 'ಮೊದಲು' ಅಂತ ಬರೆದ ಫೋಟೋ ಕೆಳಗೆ ಅವಳು ದಿನಾ ಓಡಾಡ್ಬೇಕು. ಬೇಕಾದ್ರೆ ನನ್ನ ಫೋಟೋ ಹಾಕ್ರಿ. ಮಗುವಿಗೆ ತಪ್ಪು ಚಾರ್ಟ್ ಕೊಟ್ಟು ಡ್ರಿಪ್ ಹಾಕ್ಸಿದೋಳು ಅಂತ ಬರೀರಿ."

ಅವರಿಗೆ ಅದು ಉದ್ಧಟತನವಾಗಿ ಕೇಳಿಸಿತು. ಕಾರಣ ಕೇಳಿ ನೋಟಿಸ್ ಬಂತು. ಸಂಸ್ಥೆಯ ಕಾರ್ಯಕ್ರಮಕ್ಕೆ ಸಹಕರಿಸದಿರುವುದು ಎಂದು ಅದರಲ್ಲಿತ್ತು. ಉತ್ತರವಾಗಿ ಎರಡು ಸಾಲು ಬರೆದೆ: ಮಕ್ಕಳ ದೇಹವನ್ನು ಪ್ರದರ್ಶನಕ್ಕಿಡುವ ಕಾರ್ಯಕ್ರಮಕ್ಕೆ ನನ್ನ ಸಹಕಾರವಿಲ್ಲ, ಮುಂದೆಯೂ ಇರುವುದಿಲ್ಲ. ಕೆಳಗೆ ಸಹಿ. ಮಕ್ಕಳ ವೈದ್ಯರು ಅದನ್ನು ಓದಿ, ಪಕ್ಕದಲ್ಲಿ ತಮ್ಮ ಸಹಿಯನ್ನೂ ಹಾಕಿದರು.

ಜನವರಿಯಲ್ಲಿ ಶಾಲೆಯ ಎರಡನೇ ತಪಾಸಣೆ ಬಂತು. ಹಿಂದಿನ ದಿನವೇ ತಿಳಿದಿದ್ದರೆ ರಜೆ ಹಾಕಿಸುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಮತ್ತೆ ತರಗತಿಯ ಮುಂದೆ ತಕ್ಕಡಿ, ಮತ್ತೆ ಗಟ್ಟಿಯಾಗಿ ಓದುವುದು. ಅವಳ ಸರದಿ ಬಂದಾಗ ಹುಡುಗಿ ತಕ್ಕಡಿಯ ಹತ್ತಿರ ಹೋಗಿ ನಿಂತು, "ನಾನು ಹತ್ತಲ್ಲ ಮಿಸ್," ಎಂದಳಂತೆ.

"ಯಾಕೆ?"

"ಎಲ್ಲಾರ ಮುಂದೆ ಓದೋದಾದ್ರೆ ಹತ್ತಲ್ಲ. ಬ್ಯಾರೆ ರೂಮಿನಾಗೆ ಆದ್ರೆ ಹತ್ತೀನಿ."

ಟೀಚರ್ ಗದರಿದರು. ಆಗ ಅವಳ ಹಿಂದೆ ನಿಂತಿದ್ದ ಒಬ್ಬ ಬಡಕಲು ಹುಡುಗಿ, ಪ್ರತಿ ಸಲ "ಗಾಳಿಗೆ ಹಾರಿಹೋಗ್ತೀಯ" ಎಂದು ನಗೆಗೆ ಗುರಿಯಾಗುತ್ತಿದ್ದವಳು, "ನಾನೂ ಹತ್ತಲ್ಲ ಮಿಸ್," ಎಂದಳು. ಇಬ್ಬರನ್ನೂ ಕಾರಿಡಾರಿನಲ್ಲಿ ನಿಲ್ಲಿಸಿದರು. ಮನೆಗಳಿಗೆ ಫೋನ್ ಹೋಯಿತು. ಹುಡುಗಿಯ ತಾಯಿ ಕೂಡಲೇ ನನಗೆ ತಿಳಿಸಿದರು.

ಅಂದು ಬುಧವಾರ. ನಾನು ಹರಿಹರದಲ್ಲೇ ಇದ್ದೆ. ಕೋಣೆಯ ಹೊರಗೆ ಕೂತಿದ್ದ ಮೂವರಿಗೆ ಒಂದು ಗಂಟೆ ಕಾಯಲು ಹೇಳಿ ಆಟೋ ಹತ್ತಿದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಹುಡುಗಿಯ ಅಜ್ಜ ಆಗಲೇ ಕೂತಿದ್ದರು, ಅಂಗಡಿಯಿಂದ ಎದ್ದು ಬಂದ ಅದೇ ಬಟ್ಟೆಯಲ್ಲಿ.

"ಶಿಸ್ತಿನ ಪ್ರಶ್ನೆ ಮೇಡಂ. ಇವತ್ತು ಎರಡು ಮಕ್ಕಳು, ನಾಳೆ ಇಡೀ ಕ್ಲಾಸ್," ಎಂದರು ಮುಖ್ಯೋಪಾಧ್ಯಾಯಿನಿ.

"ಇಡೀ ಕ್ಲಾಸ್ ಹೇಳಿದ್ರೆ ಒಳ್ಳೇದೇ ಅಲ್ವಾ ಮೇಡಂ?" ಎಂದೆ. "ನಾನು ದಿನಾ ಮಕ್ಕಳ ತೂಕದ ಜೊತೆ ಕೆಲಸ ಮಾಡೋಳು. ನನ್ನ ಕೈಯಾರೆ ಇದೇ ತಪ್ಪು ಮಾಡೀನಿ. ಆ ಮಗು ನಿಮ್ಮ ಅಂಗಳದಲ್ಲೇ ಬಿದ್ದಿದ್ದು. ತೂಕ ತಗೋಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಪಕ್ಕದ ಕೋಣೇಲಿ ತಗೊಳ್ರಿ, ಬಾಯಿ ಬಿಡದೆ ಬರ್ಕೊಳ್ರಿ. ಒಂದು ಪರದೆ, ಒಂದು ಪೆನ್ನು. ಇಷ್ಟೇ."

ಅವರು ನಿಯಮ, ಸಮಯ, ಸಿಬ್ಬಂದಿ ಎಂದೆಲ್ಲ ಹೇಳಿದರು. ಆಗ ಅಜ್ಜ ಮೆಲ್ಲಗೆ ಬಾಯಿಬಿಟ್ಟರು. "ನಾನು ತಕ್ಕಡಿ ಹಿಡಿದು ಬಾಳುವೆ ಮಾಡಿದೋನು ತಾಯಿ. ತಕ್ಕಡಿಗೆ ಹಾಕೋದು ಸಾಮಾನು. ನನ್ನ ಮೊಮ್ಮಗಳು ಸಾಮಾನಲ್ಲ."

ಆ ವರ್ಷ ಆ ಶಾಲೆ ಪೂರ್ತಿ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಅವರ ತರಗತಿಯ ಉಳಿದ ಮಕ್ಕಳ ತೂಕವನ್ನು ಗ್ರಂಥಾಲಯದ ಕೋಣೆಯಲ್ಲಿ ತೆಗೆದರು. ಬೇರೆ ತರಗತಿಗಳಲ್ಲಿ ಹಳೆಯ ಪದ್ಧತಿಯೇ ನಡೆಯಿತು. ಇಬ್ಬರು ಹುಡುಗಿಯರಿಂದಲೂ ಶಾಲೆಯವರು ಕ್ಷಮಾಪಣೆ ಪತ್ರ ಕೇಳಿದರು. ಬರೆಯಬೇಡ ಎಂದು ನಾನು ಹೇಳಬೇಕಾಗಲಿಲ್ಲ. ಇಬ್ಬರೂ ಬರೆಯಲಿಲ್ಲ. ಯಾರೂ ಮತ್ತೆ ಕೇಳಲೂ ಇಲ್ಲ.

ಮುಂದಿನ ಆಗಸ್ಟಿನಲ್ಲಿ ವೈದ್ಯರು ಅವಳ ಬೆಳವಣಿಗೆಯ ನಕ್ಷೆಯನ್ನು ನನ್ನೆದುರು ಹರಡಿದರು. ಎತ್ತರದ ಗೆರೆ ಚೆನ್ನಾಗಿ ಮೇಲೇರಿತ್ತು. ತೂಕದ ಗೆರೆ ಹೆಚ್ಚುಕಡಿಮೆ ಮಲಗಿತ್ತು. ಎರಡರ ನಡುವಿನ ಅಂತರ ಮಗುವಿಗೆ ಅನುಕೂಲವಾಗುವ ಕಡೆಗೆ ತಿರುಗಿತ್ತು. ರಕ್ತದ ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಅಜ್ಜನ ಸಕ್ಕರೆಯೂ ಇಳಿದಿದೆ ಎಂದು ತಾಯಿ ಹೇಳಿದರು. ಹುಡುಗಿ ಸಣ್ಣಗಾಗಿರಲಿಲ್ಲ. ಬಹುಶಃ ಯಾವತ್ತೂ ಕಡ್ಡಿಯಂತೆ ಆಗುವವಳಲ್ಲ. ಅವಳು ಸೈಕಲ್ ತುಳಿಯುತ್ತಿದ್ದಳು, ಹಸಿದಾಗ ಉಣ್ಣುತ್ತಿದ್ದಳು, ಸಾಕಾದಾಗ ತಟ್ಟೆ ಎತ್ತುತ್ತಿದ್ದಳು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಗೆಲುವನ್ನು ನಾನು ಕಂಡಿಲ್ಲ. ನನ್ನ ಆ ವರ್ಷದ ವರದಿಯಲ್ಲಿ ಮಾತ್ರ 'ಗುರಿ ಮುಟ್ಟಿಲ್ಲ' ಎಂದು ಬರೆದಿದ್ದರು. ಇರಲಿ.

ಅಂದು ಅವಳು ಎತ್ತರ ಅಳೆಸಿಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಹೊಸದಾಗಿ ಬಂದ ಒಬ್ಬ ತಾಯಿ ಮಗನೊಡನೆ ಕೂತಿದ್ದರು. ಮಗ ಎಂಟು ವರ್ಷದವನಿರಬೇಕು, ತಲೆ ಎದೆಗೆ ತಾಗುವಷ್ಟು ಬಗ್ಗಿತ್ತು. ಆ ತಾಯಿ ಇವಳನ್ನು ಕರೆದು, "ಇಲ್ಲಿಗೆ ಬಂದಮ್ಯಾಲೆ ಎಷ್ಟು ಕೆಜಿ ಇಳಿದಿ ಪುಟ್ಟಿ?" ಎಂದು ಕೇಳಿದರು.

ನಾನು ಬಾಗಿಲಲ್ಲೇ ಇದ್ದೆ. ಮಾತಿನ ನಡುವೆ ಹೋಗಬೇಕೆಂದುಕೊಂಡೆ.

"ಗೊತ್ತಿಲ್ರಿ ಆಂಟಿ," ಎಂದಳು ಅವಳು. ದನಿಯಲ್ಲಿ ಅಳುಕಿರಲಿಲ್ಲ. ಆಮೇಲೆ ಆ ಹುಡುಗನ ಕಡೆ ಬಗ್ಗಿ, ಮೆಲ್ಲಗೆ, "ನಿನ್ನ ತೂಕ ಹೇಳಬ್ಯಾಡ್ರಿ ಅಂದ್ರೆ ಇವರು ಯಾರಿಗೂ ಹೇಳಲ್ಲ, ನಿಂಗೂ ಹೇಳಲ್ಲ. ನೀನೇ ಕೇಳಿ ನೋಡು," ಎಂದಳು.

ನಾನು ಬಾಗಿಲನ್ನು ಪೂರ್ತಿ ತೆರೆದು ಹುಡುಗನನ್ನು ಒಳಗೆ ಕರೆದೆ.